ಮೂವತ್ತೊಂಬತ್ತರ ಗುಡ್ಡ

ಒಂಟಿಯಾದವರಿಗೆ ಜೊತೆ ಹುಡುಕಿಕೊಡುವ ಆ ಆ್ಯಪ್‌ನ ಕಚೇರಿ ಔಷಧಿ ಅಂಗಡಿಯ ಮೇಲಿನ ಮೂರು ಕೋಣೆಗಳಲ್ಲಿತ್ತು. ಅಲ್ಲಿ ಎಲ್ಲರದೂ ಕೂಡಿಸುವ ಕೆಲಸವೇ. ಉಳಿದವರು ಮನುಷ್ಯರನ್ನು ಕೂಡಿಸುತ್ತಿದ್ದರು, ಸರಾಸರಿ ಅಕ್ಕ ಅಂಕಿಗಳನ್ನು. ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಏನು ಕೇಳಿದರೂ "ಸರಾಸರಿ ನೋಡಿ ಹೇಳ್ತೀನಿ" ಅನ್ನುತ್ತಿದ್ದುದರಿಂದ ಈ ಬಿರುದು ಅಂಟಿಕೊಂಡಿತ್ತು. ಮೊದಲು ಒಂದು ಚಪ್ಪಲಿ ಕಾರ್ಖಾನೆಯಲ್ಲಿ, ಯಾವ ಅಳತೆಯದು ಎಷ್ಟು ಜೊತೆ ಬೇಕಾಗುತ್ತದೆ ಎಂದು ಲೆಕ್ಕ ಹಾಕುತ್ತ ಹದಿನಾಲ್ಕು ವರ್ಷ ಕಳೆದಿದ್ದಳು. ಕಾರ್ಖಾನೆ ಮುಚ್ಚಿದ ಮೇಲೆ ಕಾಲಿನ ವ್ಯವಹಾರ ಬಿಟ್ಟು ಕೈ ಹಿಡಿಸುವ ವ್ಯವಹಾರಕ್ಕೆ ಬಂದಳು.

ಹದಿನಾಲ್ಕು ವರ್ಷ ಕಳೆಯಲು ಹದಿನಾಲ್ಕು ವರ್ಷವೇ ಬೇಕಾಯಿತು. ಆದರೆ ಏಳು ತಿಂಗಳ ಹಿಂದೆ, ಊಟದ ಬಿಡುವಿನಲ್ಲಿ, ಅರ್ಧ ನಿಮಿಷದಲ್ಲಿ ಆರು ವರ್ಷ ಕಳೆದುಬಿಟ್ಟಿದ್ದಳು. ತನ್ನದೇ ಕಚೇರಿಯ ಆ್ಯಪ್‌ಗೆ, ಯಾರಿಗೂ ಹೇಳದೆ, ಮನೆಯ ಫೋನ್ ನಂಬರು ಕೊಟ್ಟು ಸದಸ್ಯೆಯಾಗಿದ್ದಳು. ವಯಸ್ಸು ನಲವತ್ತೈದು, ತುಂಬಿದ್ದು ಮೂವತ್ತೊಂಬತ್ತು.

ಹಾಗೆ ಪರಿಚಯವಾದವರು ಕನ್ನಡಕದಂಗಡಿಯವರು. ನಲವತ್ತೆಂಟು ವರ್ಷ, ಹೆಂಡತಿ ತೀರಿಕೊಂಡು ಐದು ವರ್ಷ. ಮಾತು ಕಡಿಮೆ, ಆದರೆ ಎದುರಿಗಿದ್ದವರು ಮಾತಾಡುವಾಗ ಫೋನ್ ನೋಡುತ್ತಿರಲಿಲ್ಲ. ಐದು ಭಾನುವಾರ ಒಂದೇ ಹೋಟೆಲಿನ ಒಂದೇ ಮೂಲೆಯಲ್ಲಿ ಕೂತಿದ್ದರು. ಅಕ್ಕನಿಗೆ ಆ ಮನುಷ್ಯ ಬೇಕು ಅನ್ನಿಸಿತ್ತು. ಏನಾದರೂ ಇಷ್ಟೊಂದು ಬೇಕು ಅನ್ನಿಸಿ ಅವಳಿಗೆ ಅಭ್ಯಾಸವಿರಲಿಲ್ಲ. ಅದಕ್ಕೇ ಪ್ರತಿ ಭಾನುವಾರ, ಇವತ್ತು ನಿಜವಾದ ವಯಸ್ಸು ಹೇಳಿಬಿಡೋಣ ಎಂದು ಹೋದವಳು ಹೇಳದೆ ಬರುತ್ತಿದ್ದಳು.

ಒಂದು ಸೋಮವಾರ ಕಚೇರಿಯ ಯಜಮಾನ, ಮೂವತ್ತೆರಡರ ಚುರುಕು ಮನುಷ್ಯ, ಎಲ್ಲರನ್ನೂ ಕೂರಿಸಿಕೊಂಡ.

"ಜನ ವಯಸ್ಸು ಸುಳ್ಳು ಹೇಳ್ತಾರೆ ಅಂತ ದೂರಿನ ಮೇಲೆ ದೂರು. ಅಕ್ಕ, ಇದರಲ್ಲಿ ಸುಳ್ಳರು ಯಾರು ಅಂತ ಲೆಕ್ಕದಲ್ಲಿ ಸಿಗುತ್ತಾ?"

ಅಕ್ಕ ಗೋಡೆಯ ಪರದೆಯ ಮೇಲೆ ಚಿತ್ರ ತೋರಿಸಿದಳು. ಹೆಂಗಸರಲ್ಲಿ ಮೂವತ್ತೇಳು ಎಂದವರು ಇನ್ನೂರ ನಾಲ್ಕು, ಮೂವತ್ತೆಂಟು ಎಂದವರು ಇನ್ನೂರ ಹನ್ನೆರಡು, ಮೂವತ್ತೊಂಬತ್ತು ಎಂದವರು ಐನೂರ ಎಪ್ಪತ್ತೊಂದು. ನಲವತ್ತು? ನಲವತ್ತೆಂಟು ಜನ. ಬಯಲಿನ ನಡುವೆ ಒಂದು ಗುಡ್ಡ, ಅದರ ಪಕ್ಕದಲ್ಲೇ ಗುಂಡಿ.

"ಹಾಗಾದ್ರೆ ಹೆಂಗಸರಿಗೆ ನಲವತ್ತು ತುಂಬೋದೇ ಇಲ್ವಾ?" ಎಂದಳು ಫೋನಿನ ಮೇಜಿನವಳು.

"ಗಂಡಸರಿಗೆ ತುಂಬುತ್ತೆ ಕಣೇ. ಅವರು ಕೇಳೋ ಹೆಂಗಸಿಗೆ ತುಂಬಲ್ಲ," ಎಂದಳು ಅಕ್ಕ.

ಅದಕ್ಕೂ ಅಕ್ಕನ ಬಳಿ ಚಿತ್ರವಿತ್ತು. ಮೂವತ್ತೈದರ ಗಂಡಸು ಮೂವತ್ತನಾಲ್ಕರವರೆಗೆ ಸರಿ ಅನ್ನುತ್ತಿದ್ದ. ಐವತ್ತೈದರವನು ನಲವತ್ತೆರಡಕ್ಕೇ ಗೆರೆ ಎಳೆಯುತ್ತಿದ್ದ. ಗಂಡಸಿಗೆ ಇಪ್ಪತ್ತು ವರ್ಷ ಏರಿದರೆ ಅವನು ಬಯಸುವ ಹೆಣ್ಣಿಗೆ ಎಂಟೇ ವರ್ಷ ಏರುತ್ತಿತ್ತು.

ನಗು ಎದ್ದಿತು. ಆ ನಗುವಿನ ಹುರುಪಿನಲ್ಲಿ ಅಕ್ಕನಿಗೆ ಇನ್ನೊಂದು ಹೊಳೆಯಿತು, ಹೊಳೆದದ್ದನ್ನು ಹೇಳಿಯೂ ಬಿಟ್ಟಳು.

"ಸುಳ್ಳು ಹೇಳೋರು ತಮ್ಮ ವಯಸ್ಸನ್ನ ಮಾತ್ರ ತಿದ್ತಾರೆ ಸರ್. ಎಂಥವರು ಬೇಕು ಅನ್ನೋ ಕಡೆ ತಿದ್ದೋದು ಮರೀತಾರೆ. ನಿಜ ಹೇಳೋ ಹೆಂಗಸು, ತನ್ನ ವಯಸ್ಸಿನ ಒಂದೆರಡು ವರ್ಷ ಆಚೀಚೆಯಿಂದ ಶುರು ಮಾಡ್ತಾಳೆ. ಮೂವತ್ತೊಂಬತ್ತು ಅಂತ ಬರೆದು, ಕನಿಷ್ಠ ನಲವತ್ನಾಲ್ಕರವರು ಬೇಕು ಅಂದ್ರೆ, ಅವಳ ನಿಜವಾದ ವಯಸ್ಸು ಅಲ್ಲೇ ಎಲ್ಲೋ ಇರುತ್ತೆ."

"ನಲವತ್ನಾಲ್ಕು" ಎಂಬ ಅಂಕಿ ಎಲ್ಲಿಂದ ಬಾಯಿಗೆ ಬಂತು ಎಂದು ಅವಳಿಗೆ ತಿಳಿದದ್ದು ಮಾತು ಮುಗಿದ ಮೇಲೆ. ತನ್ನ ಫಾರಂನಲ್ಲಿ ಅವಳು ತುಂಬಿದ್ದು ಅದನ್ನೇ: ನಲವತ್ನಾಲ್ಕರಿಂದ ಐವತ್ತೆರಡು.

ಯಜಮಾನ ಮೇಜು ಕುಟ್ಟಿದ. "ಭಲೇ ಅಕ್ಕ. ಬರೆದ ವಯಸ್ಸಿಗೂ ಕೇಳೋ ಕನಿಷ್ಠ ವಯಸ್ಸಿಗೂ ನಾಲ್ಕು ವರ್ಷ, ಅದಕ್ಕಿಂತ ಜಾಸ್ತಿ ಅಂತರ ಇರೋರ ಪಟ್ಟಿ ಶುಕ್ರವಾರ ನಾಲ್ಕು ಗಂಟೆಗೆ ಕೊಡಿ. ಅವರೆಲ್ಲ ಹುಟ್ಟಿದ ದಾಖಲೆ ತರಲಿ. ಅಲ್ಲೀವರೆಗೆ, ಅವರ ಜೊತೆ ಮಾತಾಡ್ತಿರೋರಿಗೆಲ್ಲ ಒಂದು ಮೆಸೇಜ್ ಹೋಗಲಿ. ಇವರ ವಯಸ್ಸು ಅನುಮಾನಾಸ್ಪದ ಅಂತ."

ಅಕ್ಕ ಚಹಾ ಲೋಟ ಎತ್ತಿ, ಕುಡಿಯದೆ ಹಾಗೇ ಕೆಳಗಿಟ್ಟಳು.

ಮಂಗಳವಾರದಿಂದ ಫೋನು ಸದ್ದು ಮಾಡಿದಾಗಲೆಲ್ಲ ಅವಳು ಕೈಲಿದ್ದ ಕೆಲಸ ಬಿಟ್ಟು ಅದನ್ನೆತ್ತಿ ನೋಡುತ್ತಿದ್ದಳು. ತನ್ನ ಫಾರಂ ತಿದ್ದೋಣವೆಂದರೆ, ತಿದ್ದಿದ ತಾರೀಖು ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಅಳಿಸಿ ಹೋಗೋಣವೆಂದರೆ ಕನ್ನಡಕದಂಗಡಿಯವರಿಗೆ ಅಳಿಸಿಹೋದದ್ದೇ ಕಾಣುತ್ತದೆ. ಗುರುವಾರ, ನೋಡಬಾರದೆಂಬ ನಿಯಮವಿದ್ದರೂ, ಅವರ ಫಾರಂ ತೆರೆದಳು. ವಯಸ್ಸು ನಲವತ್ತೆಂಟು, ಕೂದಲೆಳೆಯಷ್ಟೂ ಸುಳ್ಳಿಲ್ಲ. ಬೇಕಾದವರು: ಮೂವತ್ತಾರರಿಂದ ನಲವತ್ತೊಂದು. ಅವಳು ನಿಜ ಬರೆದಿದ್ದರೆ ಅವರ ಕಣ್ಣಿಗೇ ಬೀಳುತ್ತಿರಲಿಲ್ಲ. ಅವರ ವಯಸ್ಸಿನ ಗಂಡಸರಲ್ಲಿ ನಲವತ್ತೈದರ ಹೆಂಗಸನ್ನು ಒಪ್ಪುವವರು ಎಷ್ಟು ಎಂದು ಲೆಕ್ಕ ಹಾಕಿದಳು. ನೂರಕ್ಕೆ ಹನ್ನೊಂದು. ತಪ್ಪಿರಬಹುದೆಂದು ಮತ್ತೊಮ್ಮೆ ಹಾಕಿದಳು. ಹನ್ನೊಂದೇ.

ಶುಕ್ರವಾರ ಮಧ್ಯಾಹ್ನ ಪಟ್ಟಿ ಸಿದ್ಧವಾಯಿತು: ಮುನ್ನೂರ ಹದಿನೇಳು ಜನ, ಅವಳೂ ಸೇರಿ. ಅಂತರವನ್ನು ನಾಲ್ಕರ ಬದಲು ಆರು ಮಾಡಿ ನೋಡಿದಳು. ಪಟ್ಟಿ ನೂರ ನಲವತ್ತಕ್ಕಿಳಿಯಿತು. ಅವಳ ನಂಬರು ಮಾಯ. ಯಾರಾದರೂ ಕೇಳಿದರೆ, ನಿರಪರಾಧಿಗಳು ಸಿಕ್ಕಿಬೀಳಬಾರದೆಂದು ಆರು ಇಟ್ಟೆ ಅನ್ನಬಹುದು. ಎಷ್ಟು ಸಲೀಸಾದ ಕಾರಣ! ಆ ಸಲೀಸಿಗೇ ಅವಳಿಗೆ ಭಯವಾಯಿತು. ಈ ಸಲ ತಪ್ಪಿಸಿಕೊಂಡರೆ ಮುಂದಿನ ಭಾನುವಾರವೂ ಮೂವತ್ತೊಂಬತ್ತು, ಮದುವೆಯಾದರೆ ಮದುವೆಯ ದಿನವೂ ಮೂವತ್ತೊಂಬತ್ತೋ ನಲವತ್ತೋ. ಜೀವಮಾನವಿಡೀ ಹುಟ್ಟಿದ ದಾಖಲೆಯನ್ನು ಎಲ್ಲಿ ಬಚ್ಚಿಡುವುದು?

ಮೂರೂ ಕಾಲಿಗೆ ಮೆಟ್ಟಿಲ ಮೇಲೆ ನಿಂತು ಕನ್ನಡಕದಂಗಡಿಗೆ ಫೋನ್ ಮಾಡಿದಳು.

"ಒಂದು ನಿಮಿಷ ಇರಿ, ಒಬ್ಬರು ಅಕ್ಷರ ಓದ್ತಿದ್ದಾರೆ," ಎಂದರು ಅವರು. ಹಿಂದೆ ಯಾರೋ ತಡವರಿಸುತ್ತ ಓದುತ್ತಿದ್ದರು. "ಹ್ಞಾಂ, ಹೇಳಿ."

"ನನ್ನ ವಯಸ್ಸು ಮೂವತ್ತೊಂಬತ್ತಲ್ಲ. ನಲವತ್ತೈದು."

ಓದುವವರ ದನಿ ನಿಂತಿತು.

"ಗೊತ್ತಿತ್ತು," ಎಂದರು. "ಮೊದಲನೇ ದಿನ ಹೋಟೆಲಲ್ಲಿ ತಿಂಡಿ ಪಟ್ಟೀನ ಕೈ ಉದ್ದ ಚಾಚಿ ಓದಿದ್ರಿ. ಮೂವತ್ತೊಂಬತ್ತರವರು ಹಾಗೆ ಓದಲ್ಲ. ಇಪ್ಪತ್ತು ವರ್ಷದಿಂದ ಇದೇ ಕೆಲಸ ನಂದು."

"ಮತ್ತೆ ಯಾಕೆ ಹೇಳಲಿಲ್ಲ?"

"ನೀವು ಹೇಳ್ತೀರೇನೋ ಅಂತ ಕಾದೆ. ಐದು ವಾರ. ನಿಜ ಹೇಳ್ಬೇಕಂದ್ರೆ ಈ ಭಾನುವಾರ ಬರೋದು ಬೇಡ ಅಂತಿದ್ದೆ."

"ಈಗ?"

"ಈಗ ಗೊತ್ತಿಲ್ಲ. ಗಿರಾಕಿ ಕಾಯ್ತಿದ್ದಾರೆ. ಆಮೇಲೆ ಮಾಡ್ತೀನಿ."

ಅಕ್ಕ ಒಳಗೆ ಬಂದು ಅಂತರವನ್ನು ಮತ್ತೆ ನಾಲ್ಕಕ್ಕೆ ತಂದಳು. ಪಟ್ಟಿ ತೆಗೆದುಕೊಂಡು ಯಜಮಾನನ ಕೋಣೆಗೆ ಹೋಗಿ, ಇನ್ನೂರ ಆರನೆಯ ಸಾಲಿನ ಮೇಲೆ ಬೆರಳಿಟ್ಟಳು.

"ಇದು ನಾನು ಸರ್."

ಯಜಮಾನ ಪಟ್ಟಿಯನ್ನೂ ಅವಳನ್ನೂ ನೋಡಿದ. "ಅಕ್ಕ, ನಿಮ್ಮ ಲೆಕ್ಕ ಸರಿಯಾಗಿದೆ ಅನ್ನೋದಕ್ಕೆ ಇಷ್ಟು ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಕೆಲಸದ ವಿಷಯ ಸೋಮವಾರ ಮಾತಾಡೋಣ. ಆದ್ರೆ ಮೆಸೇಜ್ ಎಲ್ಲರಿಗೂ ಹೋಗುತ್ತೆ, ನಿಮ್ಮವರಿಗೂ."

"ಹೋಗಲಿ ಸರ್."

ನಾಲ್ಕಾಯಿತು, ಐದಾಯಿತು. ಫೋನಿನ ಮೇಜಿನವಳು ಚೀಲ ಎತ್ತಿಕೊಂಡು ಹೋದಳು. ಐದೂ ಮುಕ್ಕಾಲಿಗೆ ಫೋನು ಬಂತು. ಎತ್ತಲು ಅಕ್ಕನಿಗೆ ನಾಲ್ಕು ರಿಂಗು ಬೇಕಾಯಿತು.

"ಭಾನುವಾರ ಹೋಟೆಲ್ ಬೇಡ," ಎಂದರು ಕನ್ನಡಕದಂಗಡಿಯವರು. "ಹನ್ನೊಂದು ಗಂಟೆಗೆ ಅಂಗಡಿಗೇ ಬನ್ನಿ. ಮೊದಲು ಕಣ್ಣು ನೋಡ್ತೀನಿ. ಆಮೇಲೆ ಮಾತು. ಏನು ಮಾತಾಡ್ತೀನೋ ನನಗೂ ಗೊತ್ತಿಲ್ಲ."

"ಬರ್ತೀನಿ," ಎಂದಳು ಅಕ್ಕ. ನೂರಕ್ಕೆ ಹನ್ನೊಂದು ಜನರಲ್ಲಿ ನೀವೂ ಸೇರ್ತೀರಾ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು ಫೋನಿಟ್ಟಳು.