ನಾನು ಓದದೆ ಬಿಟ್ಟ ಸಾಲು

ಕಳೆದ ತಿಂಗಳು ಮನೆಯ ಮಿಕ್ಸರ್ ಸುಟ್ಟುಹೋಯಿತು. ಅಂಬಡ್ ರಸ್ತೆಯಲ್ಲಿ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿಯೊಂದಿದೆ ಎಂದು ಯಾರೋ ಹೇಳಿದ್ದರಿಂದ ಅಲ್ಲಿಗೆ ಒಯ್ದೆ. ಅಂಗಡಿಯವರು ಆಗಷ್ಟೇ ಸುತ್ತಿ ಮುಗಿಸಿದ್ದ ಕಾಯಿಲ್ ಒಂದನ್ನು ವಾರ್ನಿಷ್ ಡಬ್ಬಿಯಲ್ಲಿ ಅದ್ದಿ, ಎತ್ತಿ, ಸೋರಲೆಂದು ಕೊಕ್ಕೆಗೆ ತೂಗುಹಾಕಿದರು. ಆ ಘಾಟು ಮೂಗಿಗೆ ಬಡಿದ ಮೇಲೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ರಸ್ತೆಯ ಬದಿಯಲ್ಲಿ ನಿಂತೆ. ನನ್ನ ಬಾಲ್ಯವಿಡೀ ಒಬ್ಬ ಹೆಂಗಸಿನ ಸೆರಗಿನಿಂದ, ಕೂದಲಿನಿಂದ, ಆಕೆ ನನ್ನ ಕೈಗಿಟ್ಟ ರೊಟ್ಟಿಯಿಂದಲೂ ಬರುತ್ತಿದ್ದ ವಾಸನೆ ಅದು...

ನಾವು ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ನಂಟಸ್ತಿಕೆ ಏನೂ ಇರಲಿಲ್ಲ. ನಾಸಿಕ್ ನಗರದ ಅಂಬಡ್‌ನ ಕಾರ್ಖಾನೆಗಳ ಹಿಂದಿನ ಓಣಿಯಲ್ಲಿ ಸಾಲಾಗಿ ಕಟ್ಟಿದ ಬಾಡಿಗೆ ಖೋಲಿಗಳು. ನಮ್ಮದರ ಪಕ್ಕದ್ದೇ ಅವರದು. ಅವರು ಬೀದರ್ ಜಿಲ್ಲೆಯವರು, ನಾವು ಕಲಬುರಗಿ ಕಡೆಯವರು. ಅವರ ಗಂಡ, ನಮಗೆ ಕಾಕಾ, ನನ್ನ ಅಪ್ಪನ ಜೊತೆ ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿದ್ದರು. ಕಾಕು ಪಂಪಿನ ಮೋಟಾರಿಗೆ ತಂತಿ ಸುತ್ತುವ ಸಣ್ಣ ಯುನಿಟ್ ಒಂದಕ್ಕೆ ಹೋಗುತ್ತಿದ್ದರು. ಒಂದು ಸುತ್ತು ಹೆಚ್ಚುಕಡಿಮೆಯಾದರೂ ಮೇಲ್ವಿಚಾರಕ ಕಾಯಿಲನ್ನು ತಿರುಗಿ ಎಸೆಯುತ್ತಿದ್ದ. ಕಾಕುವಿನದು ಎಂದೂ ತಿರುಗಿ ಬಂದಿರಲಿಲ್ಲವಂತೆ. ಮಾತನಾಡುತ್ತಲೇ ಮನಸ್ಸಿನಲ್ಲಿ ಎಣಿಸುವುದು ಅವರಿಗೆ ಬರುತ್ತಿತ್ತು.

ನನಗೆ ಕನ್ನಡ ಅಕ್ಷರ ಕಲಿಸಿದವರು ಅವರೇ. ಶಾಲೆಯಲ್ಲಿ ಮರಾಠಿ, ಓಣಿಯಲ್ಲಿ ಮರಾಠಿ. ಮನೆಯಲ್ಲಿ ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದರೆ ನಾನು ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದೆ. ಕಾಕುವಿಗೆ ಅದು ಸೇರುತ್ತಿರಲಿಲ್ಲ. "ಒಂದ ಕಾಲಿಗಿ ಚಪ್ಪಲ್ ಹಾಕ್ಕೊಂಡು ನಡದಾಂಗ ಆಯ್ತು ನಿಂದು," ಎನ್ನುತ್ತಿದ್ದರು. ರವಿವಾರ ಮಧ್ಯಾಹ್ನ ಬಾಗಿಲ ಮುಂದೆ ಕೂರಿಸಿಕೊಂಡು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ತಿದ್ದಿಸುತ್ತಿದ್ದರು. ಅವರಿಗೆ ಮರಾಠಿ ಮಾತು ನೀರು ಕುಡಿದಂತೆ ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಇದನ್ನು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ನಾನು ಲ್ಯಾಬ್ ತಂತ್ರಜ್ಞರ ಕೋರ್ಸು ಮುಗಿಸಿ, ಈಗ ಸಂಭಾಜಿನಗರವಾಗಿರುವ, ಆಗಿನ್ನೂ ಔರಂಗಾಬಾದ್ ಎಂದೇ ಕರೆಯುತ್ತಿದ್ದ ಊರಿನ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದೆ. ಖಾಯಂ ಅಲ್ಲ, ವರ್ಷ ವರ್ಷವೂ ಕರಾರು ಹೊಸದಾಗಬೇಕು. ಕೆಲವು ವರ್ಷಗಳ ನಂತರ ಅಲ್ಲಿ ಒಂದು ಅಧ್ಯಯನ ಶುರುವಾಯಿತು. ಶ್ವಾಸಕೋಶದ ಕ್ಯಾನ್ಸರಿಗೆ ಆಪರೇಷನ್ ಆದವರ ರಕ್ತದಲ್ಲಿ ಗಡ್ಡೆಯಿಂದ ಕಳಚಿಕೊಂಡ ಕಣಗಳು ಓಡಾಡುತ್ತಿವೆಯೇ, ಇದ್ದರೆ ಅಂಥವರಿಗೆ ರೋಗ ಮರಳಿ ಬರುತ್ತದೆಯೇ ಎಂದು ನೋಡುವುದು ಅದರ ಉದ್ದೇಶ. ರಕ್ತವನ್ನು ಸಣ್ಣ ರಂಧ್ರಗಳ ಪೊರೆಯ ಮೂಲಕ ಸೋಸಬೇಕು. ರಕ್ತದ ಕಣಗಳು ನುಸುಳಿ ಹೋಗುತ್ತವೆ, ದಪ್ಪನೆಯ ಕ್ಯಾನ್ಸರ್ ಕಣಗಳು ಮೇಲೆ ಉಳಿಯುತ್ತವೆ. ಅವಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ಹುಡುಕಿ ಎಣಿಸುವುದು ನನ್ನ ಕೆಲಸ.

ಆ ಹೊತ್ತಿಗೆ ಕಾಕುವಿಗೆ ಕೆಮ್ಮು ಹತ್ತಿತ್ತು. ಎರಡು ತಿಂಗಳು ಟಿ.ಬಿ. ಎಂದು ಮಾತ್ರೆ ನುಂಗಿಸಿದರು. ಆಮೇಲೆ ಸ್ಕ್ಯಾನ್ ಮಾಡಿಸಿದಾಗ ಬಲಗಡೆಯ ಶ್ವಾಸಕೋಶದ ಮೇಲ್ಭಾಗದಲ್ಲಿ ಗಡ್ಡೆ. ಜೀವಮಾನದಲ್ಲಿ ಬೀಡಿ ಮುಟ್ಟದ ಹೆಂಗಸು. ಓಣಿಯವರು ಕಾಕಾನ ಬೀಡಿಯ ಕಡೆ ಬೆರಳು ತೋರಿಸಿದರು. ಕಾಕಾ ಅಂದೇ ಬೀಡಿ ಬಿಟ್ಟರು, ಜನರೊಡನೆ ಮಾತನ್ನೂ ಬಿಟ್ಟರು. ವಾರ್ನಿಷ್ ಘಾಟಿನ ಬಗ್ಗೆ ನಾನು ಡಾಕ್ಟರನ್ನು ಕೇಳಿದ್ದೆ. ಹಾಗೆಲ್ಲ ಖಚಿತವಾಗಿ ಹೇಳಲು ಬರುವುದಿಲ್ಲ ಎಂದರು.

ಅವರ ಮಗ ಔರಂಗಾಬಾದಿನ ಹೊರವಲಯದ ಶೇಂದ್ರಾದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಹಾಗಾಗಿ ಆಪರೇಷನ್ ಔರಂಗಾಬಾದಿನಲ್ಲೇ ಎಂದು ನಿಶ್ಚಯವಾಯಿತು. ನಮ್ಮ ಆಸ್ಪತ್ರೆಯನ್ನೇ ಆರಿಸಿದ್ದಕ್ಕೆ ಕಾರಣ ಮಾತ್ರ ನಾನು. "ಅಲ್ಲಿ ನಮ್ಮ ಹುಡುಗಿ ಅದಾಳ" ಎಂದು ಕಾಕು ಎಲ್ಲರಿಗೂ ಹೇಳಿಕೊಂಡು ಬಂದಿದ್ದರಂತೆ.

ಆಪರೇಷನ್ನಿನ ಹಿಂದಿನ ದಿನ ಅಧ್ಯಯನದ ಒಪ್ಪಿಗೆ ಪತ್ರ ಹಿಡಿದು ವಾರ್ಡಿಗೆ ಹೋದೆ. ಪತ್ರ ಮರಾಠಿಯಲ್ಲಿತ್ತು. ಕಾಕು ಕನ್ನಡಕ ತೆಗೆದಿಟ್ಟು, "ನೀನೇ ಓದು. ಕನ್ನಡದಾಗ ಹೇಳು," ಎಂದರು.

ಹೇಳಿದೆ. ರಕ್ತ ಎರಡು ಸಲ ತೆಗೆಯುತ್ತಾರೆ, ನಾಳೆಯ ಆಪರೇಷನ್ನಿಗೆ ಮುಂಚೆ ಒಮ್ಮೆ, ತಿಂಗಳ ನಂತರ ಒಮ್ಮೆ. ಗಡ್ಡೆಯಿಂದ ಬಿಡಿಸಿಕೊಂಡ ಕಣಗಳಿವೆಯೇ ಎಂದು ಸೋಸಿ ನೋಡುತ್ತಾರೆ.

"ಜರಡಿ ಹಿಡದಾಂಗ?"

"ಹೂಂ ರೀ, ಜರಡಿನೇ."

ಕೆಳಗೆ ಇನ್ನೊಂದು ಸಾಲಿತ್ತು. ಈ ಪರೀಕ್ಷೆಯ ಫಲಿತಾಂಶವನ್ನು ರೋಗಿಗಾಗಲಿ ಮನೆಯವರಿಗಾಗಲಿ ತಿಳಿಸಲಾಗುವುದಿಲ್ಲ. ಆ ಮರಾಠಿ ವಾಕ್ಯಕ್ಕೆ ನನಗೆ ತಟ್ಟನೆ ಕನ್ನಡ ಹೊಳೆಯಲಿಲ್ಲ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಸುಳ್ಳು. "ಏನು ಬಂತಂತ ನಿಮಗ ಹೇಳಲ್ಲ" ಎಂದರೆ ಮುಗಿಯುತ್ತಿತ್ತು. ಹಾಗೆಂದರೆ ಹೆದರುತ್ತಾರೆ, ನೂರು ಪ್ರಶ್ನೆ ಕೇಳುತ್ತಾರೆ, ಬಾಕಿ ವಾರ್ಡುಗಳಿಗೂ ಹೋಗಬೇಕಿತ್ತು...

"ಇಷ್ಟೇ ಏನು?" ಎಂದು ಕೇಳಿದರು.

"ಇಷ್ಟೇ ರೀ ಕಾಕು."

ಅವರು ಕನ್ನಡದಲ್ಲಿ ಸಹಿ ಹಾಕಿದರು. ದುಂಡನೆಯ ಅಕ್ಷರ.

ಆಪರೇಷನ್ ಚೆನ್ನಾಗಿಯೇ ಆಯಿತು. ಗಡ್ಡೆ ಪೂರ್ತಿ ಬಂದಿದೆ, ಸುತ್ತಲಿನ ಗ್ರಂಥಿಗಳೂ ಸ್ವಚ್ಛವಾಗಿವೆ ಎಂದು ಸರ್ಜನ್ ಹೇಳಿದಾಗ ಕಾಕಾ ಗೋಡೆಗೆ ಹಣೆ ಒತ್ತಿ ಅತ್ತರು. ನಡೆದಾಡುವಂತಾದ ಮೇಲೆ ಕಾಕು ನಾಸಿಕ್‌ಗೆ ಮರಳಿದರು. ಓಣಿಯ ಹೆಂಗಸರ ಜೊತೆ ಜೀಪಿನಲ್ಲಿ ತ್ರ್ಯಂಬಕೇಶ್ವರಕ್ಕೆ ಹೋಗಿ ಹರಕೆ ತೀರಿಸಿದರು. ತಿಂಗಳ ತಪಾಸಣೆಗೆ ಬಂದಾಗ ನನಗೆಂದು ಪ್ರಸಾದದ ಪೇಢೆ ತಂದಿದ್ದರು. ಅಂದು ನಾನೇ ಅವರ ತೋಳಿನಿಂದ ರಕ್ತ ತೆಗೆದೆ. ಪೇಢೆ ತಿಂದು ಕೈ ತೊಳೆದು ಸೋಸಲು ಕುಳಿತೆ.

ಸೀಸೆಯ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಆದರೆ ಚೀಟಿ ಅಂಟಿಸಿದವಳು ನಾನೇ ತಾನೆ. ಆಪರೇಷನ್ನಿಗೆ ಮುಂಚಿನ ರಕ್ತದಲ್ಲಿ ಎರಡು ಕಣ ಸಿಕ್ಕಿದ್ದವು. ಗಡ್ಡೆ ಒಳಗಿದ್ದಾಗ ಅದು ವಿಶೇಷವಲ್ಲ ಎಂದು ಸುಮ್ಮನಿದ್ದೆ. ಈಗ ಗಡ್ಡೆಯೇ ಇಲ್ಲ, ಏನೂ ಕಾಣಬಾರದಿತ್ತು. ಪೊರೆಯ ಅಂಚಿನಲ್ಲಿ ಐದು ಕಣಗಳು ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ಮತ್ತೆ ನೋಡಿದೆ. ಜೊತೆಯವಳನ್ನು ಕರೆದು ತೋರಿಸಿದೆ. ಅವಳೂ ಐದೆಂದೇ ಬರೆದಳು.

ಅಧ್ಯಯನ ನಡೆಸುತ್ತಿದ್ದ ಡಾಕ್ಟರ್ ಮೇಡಂ ಬಳಿ ಹೋಗಿ, ಇವರು ನಮ್ಮ ಪಕ್ಕದ ಮನೆಯವರು, ತಿಳಿಸಬಹುದೇ ಎಂದು ಕೇಳಿದೆ. ಆಕೆ ಕೆಟ್ಟವರಲ್ಲ. ತಾಳ್ಮೆಯಿಂದಲೇ ಮರಾಠಿಯಲ್ಲಿ ಹೇಳಿದರು: ಈ ಐದರ ಅರ್ಥವೇನೆಂದು ನಮಗೇ ಇನ್ನೂ ಗೊತ್ತಿಲ್ಲ, ಅದನ್ನು ತಿಳಿಯಲೆಂದೇ ಈ ಕೆಲಸ, ಗೊತ್ತಿಲ್ಲದ್ದನ್ನು ಹೇಳಿ ಒಬ್ಬರ ನಿದ್ದೆ ಕೆಡಿಸುವ ಹಕ್ಕು ನಮಗಿಲ್ಲ. ಮಾತು ಸರಿಯಾಗಿಯೇ ಇತ್ತು. ನಾನು ಎದ್ದು ಬರುವಾಗ ನನ್ನ ಕರಾರಿನ ವಿಷಯವನ್ನೂ ಎತ್ತಿದರು, ಮುಂದಿನ ವರ್ಷಕ್ಕೂ ಬರೆದಿದ್ದೇನೆ ಎಂದರು. ಬೆದರಿಕೆಯೇನೂ ಅಲ್ಲ, ಒಳ್ಳೆಯ ಸುದ್ದಿ ಎಂದೇ ಹೇಳಿದ್ದು. ನಾನು ಥ್ಯಾಂಕ್ಸ್ ಹೇಳಿ ಬಂದೆ.

ಮೂರು ದಿನ ಬಿಟ್ಟು ಕಾಕು, ಕಾಕಾ, ಮಗ ಮೂವರೂ ಕೀಮೋ ಕೊಡಿಸುವುದೋ ಬೇಡವೋ ಎಂದು ತೀರ್ಮಾನಿಸಲು ಬಂದರು. ಇಷ್ಟು ಗಾತ್ರದ ಗಡ್ಡೆಗೆ ಕೊಡಲೂಬಹುದು, ಬಿಡಲೂಬಹುದು, ನಿಮ್ಮ ಇಷ್ಟ ಎಂದು ಡಾಕ್ಟರ್ ಹೇಳಿ ಕಳಿಸಿದ್ದರು. ಕಾಕು ನನ್ನನ್ನು ಲ್ಯಾಬಿನಿಂದ ಕರೆಸಿದರು. ಕಾರಿಡಾರಿನ ಬೆಂಚಿನ ಮೇಲೆ ಪಕ್ಕಕ್ಕೆ ಕೂರಿಸಿಕೊಂಡು ನನ್ನ ಕೈ ಹಿಡಿದರು.

"ಅವರು ನಮ್ಮ ಮರ್ಜಿ ಅಂತಾರ. ನಮಗೇನು ತಿಳೀತದ? ನೀ ಇದರಾಗೇ ಇದ್ದಾಕಿ. ನೀ ಹೇಳಿದಾಂಗ ಮಾಡ್ತೀನಿ."

"ಡಾಕ್ಟರ್ ಹೇಳಿದಾಂಗ ಮಾಡ್ರಿ ಕಾಕು," ಎಂದೆ.

ಡಾಕ್ಟರು ಏನೂ ಹೇಳಿರಲಿಲ್ಲ ಎಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಕಾಕು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಹೆದರುವಂಥದ್ದೇನಾದರೂ ಇದ್ದರೆ ಈ ಹುಡುಗಿ ಹೇಳದೆ ಇರುತ್ತಾಳೆಯೇ ಎಂದು ಅಂದುಕೊಂಡಿರಬೇಕು. ಕೀಮೋ ಬೇಡ ಎಂದು ಮನೆಗೆ ಹೋದರು. ನಾಲ್ಕು ತಿಂಗಳಿಗೆ ಮತ್ತೆ ಯುನಿಟ್ಟಿನ ಕೆಲಸಕ್ಕೂ ಹೋಗತೊಡಗಿದರು.

ವರ್ಷ ತುಂಬುವ ಮೊದಲು ಬೆನ್ನು ನೋವು ಬಂತು. ಬಗ್ಗಿ ಕೂತು ತಂತಿ ಸುತ್ತಿದ್ದಕ್ಕೆ ಎಂದು ಎಣ್ಣೆ ಹಚ್ಚಿಕೊಂಡರು. ಬೆನ್ನುಮೂಳೆಗೆ ಇಳಿದಿದೆ ಎಂದು ಗೊತ್ತಾಗುವ ಹೊತ್ತಿಗೆ ಕಾಲು ಎತ್ತಿಡಲು ಆಗುತ್ತಿರಲಿಲ್ಲ. ಆಗ ಕೀಮೋ ಕೊಟ್ಟರು, ಬೆನ್ನಿಗೆ ರೇಡಿಯೇಷನ್ ಕೊಟ್ಟರು. ಅವರ ಕೂದಲೂ ಹೋಯಿತು, ವಾರ್ನಿಷ್ ವಾಸನೆಯೂ ಹೋಯಿತು.

ರಜೆ ಹಾಕಿ ನಾಸಿಕ್‌ಗೆ ಹೋದೆ. ಮಧ್ಯಾಹ್ನ, ಕಾಕಾ ಔಷಧಿ ತರಲು ಹೋಗಿದ್ದರು. ಕಾಕು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಾನು ಬಂದದ್ದು ತಿಳಿದರೂ ತಿರುಗಲಿಲ್ಲ.

"ಮಗನ ಕೈಲೆ ಎಲ್ಲಾ ಕಾಗದ ಓದಿಸಿದೆ," ಎಂದರು. "ಅವ ಸುಮ್ಮ ಓದಕೋತ ಹೋದ, ಅವಗೇನೂ ತಿಳೀಲಿಲ್ಲ. ಕಡೀ ಸಾಲು ನೀ ಓದಿದ್ದಿಲ್ಲ."

"ಇಲ್ರಿ."

"ಜರಡ್ಯಾಗ ಏನರ ಸಿಕ್ಕಿತ್ತೇನು?"

"ಸಿಕ್ಕಿತ್ರಿ."

"ಎಷ್ಟು?"

"ಐದು."

ಹೊರಗೆ ಯಾರೋ ಕೊಡ ಇಳಿಸಿದ ಸದ್ದು. ಕಾಕು, "ಬೆಂಚಿನ ಮ್ಯಾಲ ಕೇಳಿದಾಗ ಇದು ಗೊತ್ತಿತ್ತು?" ಎಂದರು.

"ಗೊತ್ತಿತ್ರಿ. ಖರೆ ಅದರ ಅರ್ಥ ಡಾಕ್ಟರಿಗೂ..."

ಅವರು ಕೈ ಎತ್ತಿದರು. ಎಲುಬು ಕಾಣುವ ಕೈ.

"ಅದು ಬ್ಯಾಡ. ನೀ ಹೇಳಿದ್ರ ನಾ ಉಳೀತಿದ್ದೆ ಅಂತ ಅನ್ನಲ್ಲ. ಖರೆ ಆ ವರ್ಷ ನಂದಿತ್ತು. ಗೊತ್ತಿದ್ರ ಬ್ಯಾರೆ ಥರ ಕಳೀತಿದ್ದೆ. ಮಂದಿ ಮೋಟಾರಿಗಿ ತಂತಿ ಸುತ್ತಕೋತ ಕುಂತಿರ್ತಿದ್ದಿಲ್ಲ."

ನಾನು ಅಳತೊಡಗಿದೆ. ಸಮಾಧಾನ ಮಾಡುತ್ತಾರೆ ಎಂದು ಒಳಗೊಳಗೇ ಕಾಯುತ್ತಿದ್ದೆ, ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಅವರು ಮಾಡಲಿಲ್ಲ. "ಇನ್ನ ನೀ ಹೋಗು ತಂಗಿ," ಎಂದರಷ್ಟೇ. ಉಂಡು ಹೋಗು ಎಂದು ಹೇಳಿಸಿಕೊಳ್ಳದೆ ನಾನು ಆ ಮನೆಯ ಹೊಸ್ತಿಲು ದಾಟಿದ್ದು ಅದೊಂದೇ ಸಲ.

ಆರು ವಾರಕ್ಕೆ ಕಾಕು ತೀರಿಹೋದರು. ಮಣ್ಣಿಗೆ ಊರಿಗೆ ಒಯ್ದರು, ನಾನು ಹೋಗಲಿಲ್ಲ. ಕರಾರಿನ ಕೆಲಸಕ್ಕೆ ರಜೆ ಉಳಿದಿಲ್ಲ ಎಂದು ಮನೆಯಲ್ಲಿ ಹೇಳಿದೆ.

ಮುಂದೆ ಅಧ್ಯಯನ ಮುಗಿಯಿತು. ಮೇಡಂ ಅದನ್ನು ಡಾಕ್ಟರರ ಸಭೆಯೊಂದರಲ್ಲಿ ಓದಿದರು. ಪರದೆಯ ಮೇಲೆ ಎರಡು ಗೆರೆಗಳು: ಆಪರೇಷನ್ ಆದ ಮೇಲೂ ರಕ್ತದಲ್ಲಿ ಕಣ ಉಳಿದವರದು ಒಂದು, ಉಳಿಯದವರದು ಇನ್ನೊಂದು. ಯಾರಾದರೂ ಸತ್ತಲ್ಲೆಲ್ಲ ಗೆರೆ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಕಣ ಉಳಿದವರ ಗೆರೆ ಬೇಗ ಬೇಗ ಇಳಿದಿತ್ತು. ಚಿತ್ರಕ್ಕೆ ಅಂಕಿ ತುಂಬಿಸಿದವಳು ನಾನೇ ಆದ್ದರಿಂದ ಕಾಕುವಿನ ಮೆಟ್ಟಿಲು ಯಾವುದೆಂದು ನನಗೆ ತಿಳಿದಿತ್ತು. ಈ ಕಣಗಳು ಒಳ್ಳೆಯ ಲಕ್ಷಣವಲ್ಲ ಎಂದು ತೋರುತ್ತದೆ, ಆದರೂ ಇನ್ನೂ ದೊಡ್ಡ ಅಧ್ಯಯನ ಬೇಕು ಎಂದು ಮೇಡಂ ಮುಗಿಸಿದರು. ಚಪ್ಪಾಳೆಯಾಯಿತು. ಹಿಂದಿನ ಸಾಲಿನಲ್ಲಿದ್ದ ನಾನೂ ತಟ್ಟಿದೆ...

ಈಗ ನಾನು ನಾಸಿಕ್‌ನಲ್ಲೇ ಒಂದು ಲ್ಯಾಬಿನಲ್ಲಿದ್ದೇನೆ. ಕನ್ನಡದವರು ಬಂದರೆ ಕಾಗದದ ಒಂದೊಂದು ಸಾಲನ್ನೂ ಓದಿ ಹೇಳುತ್ತೇನೆ. ಎಷ್ಟೋ ಜನಕ್ಕೆ ಅದು ಬೇಸರ, ಬೇಗ ಸಹಿ ಹಾಕಿಸಿ ಬಿಡಮ್ಮ ಎನ್ನುತ್ತಾರೆ. ಇದರಿಂದ ನನ್ನದೇನೂ ತೀರುವುದಿಲ್ಲ. ಕೇಳಬೇಕಾಗಿದ್ದವರು ಬೆಂಚಿನ ಮೇಲೆ ಕೈ ಹಿಡಿದು ಕೇಳಿದ್ದರು, ಅವರು ಈಗ ಇಲ್ಲ.

ಮೊನ್ನೆ ಬಸ್‌ಸ್ಟಾಂಡಿನಲ್ಲಿ ಕಾಕಾ ಸಿಕ್ಕರು. ಬಹಳ ಬಾಗಿದ್ದಾರೆ. ಮಗನ ಮನೆಗೆ ಸಂಭಾಜಿನಗರಕ್ಕೆ ಹೊರಟಿದ್ದರು. ನನ್ನನ್ನು ಗುರುತಿಸಿ, ಎಲ್ಲರೆದುರಿಗೆ ಎರಡೂ ಕೈ ಜೋಡಿಸಿದರು.

"ಅಕೀ ಸಲುವಾಗಿ ನೀ ಭಾಳ ಮಾಡ್ದಿ ತಂಗಿ. ಹೊಟ್ಟ್ಯಾಗ ಹುಟ್ಟಿದ ಮಗಳೂ ಅಷ್ಟು ಮಾಡ್ತಿದ್ದಿಲ್ಲ."

ಕಾಕು ಆ ಐದರ ವಿಷಯ ಅವರಿಗೆ ಹೇಳದೆಯೇ ಹೋಗಿದ್ದಾರೆ ಎಂದು ನನಗೆ ತಿಳಿದದ್ದು ಆಗ. ನನ್ನನ್ನು ಕಾಪಾಡಲೆಂದು ಹೇಳಲಿಲ್ಲವೋ, ಆ ಮನುಷ್ಯನಿಗೆ ಇನ್ನೊಂದು ನೋವು ಬೇಡವೆಂದು ಹೇಳಲಿಲ್ಲವೋ, ಗೊತ್ತಿಲ್ಲ. ಬಸ್ಸು ಬರಲು ಇನ್ನೂ ಸಮಯವಿತ್ತು. ನಾನು ಅವರ ಚೀಲ ಎತ್ತಿಕೊಂಡು, ಜಾಗ ಮಾಡಿ ಕೂರಿಸಿ, ನೀರು ತಂದುಕೊಟ್ಟೆ. ಹೇಳಲಿಲ್ಲ.