ಕರಿಗೆ ಕಾಕಾ ಬೇಯಿಸಿದ ತೊಡೆ

ಭಟ್ಟಿಯ ಬಾಯಿ ತೆಗೆದರೆ ನನ್ನ ಮುಖ ಸುಡುತ್ತದೆ, ತೆಗೆಯದಿದ್ದರೆ ಬೆಲ್ಲ ಸುಡುತ್ತದೆ. ತಗಡನ್ನು ಅರ್ಧ ಹೊರಗೆಳೆದು, ಆಡಿನ ತೊಡೆಗೆ ಮತ್ತೊಂದು ಸಲ ಪಾಕ ಬಳಿದು ಒಳಗೆ ತಳ್ಳಿದೆ. ದಿನಾ ಟೋಸ್ಟ್, ಖಾರಿ ಸುಡುವ ಭಟ್ಟಿ ಇದು. ಜತ್ತ ಪೇಟೆಯ ಒಂದು ಬೇಕರಿಯದು. ಇದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಇವತ್ತು ದೀಪಾವಳಿ ಮುಗಿದ ಮರುದಿನ, ಕರಿ. ಹಬ್ಬದಲ್ಲಿ ಹೋಳಿಗೆ, ಕರಿಗೆ ಮಾಂಸ, ನಮ್ಮಲ್ಲಿ ಹೀಗೆ. ಮಾಂಸವೆಂದರೆ ಖಾರದ ಸಾರು, ರೊಟ್ಟಿ. ಅದಕ್ಕೆ ಯಾರಾದರೂ ಬೆಲ್ಲ ಬಳಿಯುತ್ತಾರೆಯೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಬೆಲ್ಲ ಕರಗಿ ಮಾಂಸಕ್ಕೆ ಹತ್ತುವಾಗಿನ ವಾಸನೆ ಬಂದಿತೆಂದರೆ ನನಗೆ ಕಾಕಾನ ಆ ಕರಿ ನೆನಪಾಗುತ್ತದೆ.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಯಳವಿಯಲ್ಲಿ ಮನೆ. ಸೈನ್ಯದಲ್ಲಿದ್ದು ಪೆನ್ಷನ್ ಪಡೆದು ಬಂದವನು. ಊರಿಗೆಲ್ಲ ಅವನು ಫೌಜಿ. ಎಷ್ಟು ಮಂದಿಯನ್ನು ಹೊಡೆದೆ ಎಂದು ಕಟ್ಟೆಯ ಮೇಲೆ ಯಾರಾದರೂ ಕೇಳಿದರೆ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಸುಮ್ಮನಾಗುತ್ತಿದ್ದ. ಸುಳ್ಳು ಹೇಳಿದವನಲ್ಲ. ಆದರೆ ಬಾಯಿ ತುಂಬ ಎಲೆ ಇಟ್ಟುಕೊಂಡವನನ್ನು ಮತ್ತೆ ಯಾರು ಕೇಳುತ್ತಾರೆ? ಅವನು ಹೇಳದ್ದನ್ನೆಲ್ಲ ಊರವರೇ ಹೇಳಿಕೊಂಡರು. ಅವನ ಹೆಂಡತಿ, ನಮ್ಮ ಕಾಕು, ಇನ್ನೂ ನಾಲ್ಕು ಸೇರಿಸಿದಳು. ನಮ್ಮವರು ಗಡಿಯಲ್ಲಿ ನಿಂತಿದ್ದಕ್ಕೇ ನೀವು ಮನೆಯಲ್ಲಿ ಹೊದ್ದು ಮಲಗಿದಿರಿ ಎಂದು ನಳದ ಹತ್ತಿರ ಹೆಂಗಸರಿಗೆ ಹೇಳುತ್ತಿದ್ದಳು.

ಅವರ ಮಗಳನ್ನು ವಳಸಂಗಕ್ಕೆ ಕೊಟ್ಟಿದ್ದೂ ಹೀಗೇ. ಹುಡುಗನ ಅಪ್ಪನಿಗೆ ಸೈನಿಕನ ಮನೆಯ ಹೆಣ್ಣೇ ಬೇಕಿತ್ತು. ಬೀಗರದು ಒಣದ್ರಾಕ್ಷಿ ವ್ಯಾಪಾರ, ದೊಡ್ಡ ದನಿ. ಮದುವೆಯ ಮಂಟಪದಲ್ಲಿ ಮೈಕ್ ಕಸಿದುಕೊಂಡು, ದೇಶ ಕಾದ ಕೈ ಇದು ಎಂದು ಕಾಕಾನ ಕೈ ಎತ್ತಿ ತೋರಿಸಿ ಶಾಲು ಹೊದಿಸಿದರು. ಕಾಕಾ ಆಗಲೂ ನೆಲ ನೋಡುತ್ತಿದ್ದ. ನಾಚಿಕೆ ಸ್ವಭಾವ ಎಂದುಕೊಂಡೆವು.

ಮದುವೆಯಾದ ಮೇಲಿನ ಮೊದಲ ದೀಪಾವಳಿ ಅದು. ಕರಿಯ ಊಟಕ್ಕೆ ಮಗಳು, ಅಳಿಯ, ಬೀಗರು ಬರುವವರಿದ್ದರು. ಹಿಂದಿನ ದಿನ ಕಾಕು ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಪ್ಲಾಸ್ಟರ್ ಹಾಕಿಸಿಕೊಂಡು ಬಂದು ಕೂತವಳು ಕೈನೋವಿಗಿಂತ ಮರುದಿನದ ಊಟಕ್ಕೆ ಅತ್ತಳು. ನಮ್ಮವ್ವ ತವರಿಗೆ ಹೋಗಿದ್ದಳು. ಪಕ್ಕದ ಮನೆಯವಳು ರೊಟ್ಟಿ ಬಡಿದು ಅನ್ನ ಮಾಡಿ ಕೊಡುತ್ತೇನೆಂದಳು, ಆದರೆ ಅವರು ಮಾಂಸ ಮುಟ್ಟುವವರಲ್ಲ. ಹೋಟೆಲಿನಿಂದ ತರೋಣ ಎಂದೆ ನಾನು. ಮೊದಲ ಹಬ್ಬಕ್ಕೆ ಅಳಿಯನಿಗೆ ಹೋಟೆಲ್ ಊಟ ಹಾಕಿದರೆಂದು ಸಾಯುವತನಕ ಆಡಿಕೊಳ್ಳುತ್ತಾರೆ ಎಂದು ಕಾಕು ನನ್ನನ್ನೇ ಬೈದಳು.

ಕರಿಯ ದಿನ ಬೆಳಿಗ್ಗೆ ಬೇಕರಿಗೆ ರಜೆ. ಭಟ್ಟಿಯ ಕಾವು ಮಾತ್ರ ಇನ್ನೂ ಇತ್ತು. ಕಾಕಾ ಚೀಲದಲ್ಲಿ ಆಡಿನ ಇಡೀ ತೊಡೆ, ಬೆಲ್ಲ, ದಾಳಿಂಬೆ ತೆಗೆದುಕೊಂಡು ಬಂದ. ಇದನ್ನು ಯಾರು ಮಾಡುತ್ತಾರೆ ಎಂದೆ. ಚಾಕು ಕೊಡು ಎಂದ. ತೊಡೆಯನ್ನು ಶುಂಠಿ, ಮೆಣಸು ಹಾಕಿ ದೊಡ್ಡ ಪಾತೆಲೆಯಲ್ಲಿ ಕುದಿಸಿದ. ತೆಗೆದು ಆರಿಸಿ ಮೇಲೆ ಅಡ್ಡಡ್ಡ ಗೀರಿದ, ಶಂಕರಪಾಳಿ ಕತ್ತರಿಸಿದ ಹಾಗೆ. ಒಂದೊಂದು ಚೌಕಕ್ಕೆ ಒಂದೊಂದು ಲವಂಗ ಚುಚ್ಚಿದ. ಮನೆಯಲ್ಲಿ ಒಂದು ಲೋಟ ನೀರು ಸಹ ತಾನೇ ತೆಗೆದುಕೊಂಡು ಕುಡಿಯದವನ ಕೈ ಅದು. ನಾನು ಬಾಯಿ ಬಿಟ್ಟುಕೊಂಡು ನಿಂತೆ.

ಆಗ ಹೇಳಿದ. ಸೈನ್ಯದಲ್ಲಿ ಅವನು ಸಾಹೇಬರ ಮೆಸ್ಸಿನಲ್ಲಿ ಅಡುಗೆಯವನಾಗಿದ್ದ. ಸೇರಿದಾಗಿನಿಂದ ಕಡೆಯತನಕ ಅದೇ ಕೆಲಸ. ಕ್ರಿಸ್‌ಮಸ್‌ಗೆ ಅಲ್ಲಿ ದೊಡ್ಡ ಊಟ. ಉಪ್ಪಿನಲ್ಲಿ ಹದ ಮಾಡಿದ ಹಂದಿಯ ತೊಡೆಯನ್ನು ಕುದಿಸಿ, ಹೀಗೇ ಗೀರಿ, ಸಕ್ಕರೆ ಪಾಕ, ಅನಾನಸಿನ ರಸ ಬಳಿದು ಭಟ್ಟಿಗೆ ಹಾಕುತ್ತಿದ್ದರಂತೆ. ಹ್ಯಾಮ್ ಅನ್ನುತ್ತಾರಂತೆ ಅದಕ್ಕೆ. ಕನ್ನಡಿ ಹಾಗೆ ಹೊಳೆಯಬೇಕು, ಇಲ್ಲದಿದ್ದರೆ ಸಾಹೇಬರು ಮುಟ್ಟುವುದಿಲ್ಲವಂತೆ. ನಮ್ಮ ಮನೆಯಲ್ಲಿ ಹಂದಿ ನಡೆಯುವುದಿಲ್ಲ, ಅದಕ್ಕೆ ಆಡು. ಅನಾನಸು ಎಲ್ಲಿ ತರಲಿ, ಅದಕ್ಕೆ ದಾಳಿಂಬೆ. ಇಷ್ಟರಲ್ಲಿ ಬೇಕರಿಯ ಮಾಲೀಕ ಚಾಚಾ ನಮಾಜು ಮುಗಿಸಿಕೊಂಡು ಬಂದ. ನಾನು ದಡ್ಡ, ಇದು ಹಂದಿ ತೊಡೆ ಮಾಡುವ ರೀತಿ ಚಾಚಾ ಎಂದುಬಿಟ್ಟೆ. ಚಾಚಾನ ಮುಖ ನೋಡಬೇಕಿತ್ತು. ಯಾವ ಅಂಗಡಿಯ ಮಾಂಸ, ಕಡಿದವನು ಯಾರು ಎಂದೆಲ್ಲ ಕೇಳಿ, ಎಲುಬು ನೋಡಿ ಖಾತ್ರಿ ಮಾಡಿಕೊಂಡು, ರೀತಿ ಯಾರದಾದರೇನು ಆಡು ನಮ್ಮದು ಎಂದು ಹೋದ.

ಪಾಕವನ್ನು ಕಡೆಗೆ ಬಳಿಯಬೇಕು, ಮೊದಲೇ ಬಳಿದರೆ ಮಾಂಸ ಬೇಯುವುದರೊಳಗೆ ಬೆಲ್ಲ ಸುಟ್ಟು ಕಪ್ಪಾಗುತ್ತದೆ. ಅದನ್ನು ಕಲಿಸುತ್ತ ಕಾಕಾ ಮೆಲ್ಲಗೆ ಅಂದ, "ಇದನ್ನ ನೀ ಮಾಡಿದಿ ಅಂತ ಹೇಳು."

"ಯಾಕ ಕಾಕಾ? ಇದರಾಗ ನಾಚೂದು ಏನದ?"

"ನಿಮ್ಮ ಕಾಕು ಇಷ್ಟ ವರ್ಷ ಊರಾಗ ತಲಿ ಎತ್ತಿ ಅಡ್ಡಾಡ್ಯಾಳ. ಅಕಿ ತಲಿ ನಾ ಈಗ ಕೆಳಗ ಮಾಡ್ಲೇನು?"

ಅಂದರೆ ಕಾಕುಗೂ ಗೊತ್ತಿರಲಿಲ್ಲ. ಬಂದೂಕು ಹಿಡಿದವನೂ ಉಣ್ಣಬೇಕಲ್ಲ, ಅವನಿಗೆ ಬೇಯಿಸಿ ಹಾಕುವವನು ಬೇಡವೇ ಎಂದು ನನಗೆ ಅನಿಸಿತು. ಆದರೆ ಕಾಕಾ ನನ್ನಿಂದ ಆಣೆ ಮಾಡಿಸಿಕೊಂಡ. ಹೂಂ ಅಂದೆ.

ತೊಡೆಯನ್ನು ಯಳವಿಗೆ ಒಯ್ದೆವು. ಪಂಕ್ತಿ ಕೂತಿತು. ಬೀಗರು ಮೊದಲ ತುತ್ತಿಗೇ ತಲೆದೂಗಿದರು. ಎರಡನೇ ಸಲ ಹಾಕಿಸಿಕೊಂಡರು. ಮಾಡಿದವರು ಯಾರೆಂದರು. ಕಾಕಾ ನನ್ನನ್ನು ತೋರಿಸಿದ. ಬೀಗರು ಎಲುಬು ಚೀಪುತ್ತ ನನ್ನ ಕಡೆ ತಿರುಗಿದರು.

"ಕೈ ಚಲೋ ಅದ ತಮ್ಮಾ ನಿಂದು. ಆದ್ರ ಒಲಿ ಮುಂದ ಕುಂದ್ರೂ ಗಂಡಸಿಗಿ ಹೆಣ್ಣ ಯಾರ ಕೊಡ್ತಾರ? ನಿಮ್ಮ ಕಾಕಾನ್ನ ನೋಡು, ಬಂದೂಕ ಹಿಡದಾರ. ನೀ ಸೌಟ ಹಿಡದಿ."

ತಾವೇ ನಕ್ಕರು. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ, ಆದರೆ ಆಣೆ. ರೊಟ್ಟಿ ಮುರಿಯುತ್ತ ತಾಟು ನೋಡಿದೆ. ಕಾಕಾ ನನ್ನನ್ನೇ ನೋಡುತ್ತಿದ್ದ. ಆಮೇಲೆ ಕೈಯಲ್ಲಿದ್ದ ತುತ್ತು ಕೆಳಗಿಟ್ಟ.

"ಬೀಗರ, ಅದನ್ನ ಅಂವ ಮಾಡಿಲ್ಲ. ನಾ ಮಾಡೀನಿ. ಫೌಜಿನಾಗ ನಾ ಅಡಗಿ ಮಾಡಾಂವನ ಇದ್ದೆ. ಬಂದೂಕ ಹಿಡದದ್ದು ಟ್ರೇನಿಂಗಿನಾಗ ಅಷ್ಟ."

ಬೀಗರ ಕೈ ನಿಂತಿತು. ಬಾಗಿಲ ಹಿಂದೆ ನಿಂತಿದ್ದ ಕಾಕು ಒಳಗೆ ಹೋದಳು. ಬೆಳಗಿನಿಂದ ಬಾಯಿ ತೆಗೆಯದಿದ್ದ ಅಳಿಯ ತಾಟು ಮುಂದೆ ಸರಿಸಿ, ಇನ್ನೊಂದು ತುಂಡು ಹಾಕಿರಿ ಮಾಮಾ ಎಂದ. ಒಳ್ಳೆಯ ಹುಡುಗ. ಬೀಗರು ಊಟವನ್ನು ಬಿಡಲಿಲ್ಲ, ಮಾತು ಬಿಟ್ಟರು. ಹೋಗುವಾಗ ಕೈ ಮುಗಿದರು, ಕಣ್ಣು ಬೇರೆ ಕಡೆ ಇತ್ತು.

ಕಾಕು ಹಲವು ದಿನ ಮಾತಾಡಲಿಲ್ಲ. ಇನ್ನು ಮುಚ್ಚಿಡುವುದೇನಿದೆ ಎಂದು ಕಾಕಾನೇ ಅಡುಗೆ ಮಾಡಿ ಹಾಕುತ್ತಿದ್ದ, ಅವಳು ಎಡಗೈಯಲ್ಲಿ ಚಮಚ ಹಿಡಿದು ಮುಖ ತಿರುಗಿಸಿಕೊಂಡು ಉಣ್ಣುತ್ತಿದ್ದಳು. ಪ್ಲಾಸ್ಟರ್ ತೆಗೆಸಲು ಅವಳನ್ನು ಕರೆದೊಯ್ಯಲು ಹೋದ ದಿನ ನಾನೂ ಅಲ್ಲೇ ಉಣ್ಣುತ್ತಿದ್ದೆ. ಕಾಕು ಇದ್ದಕ್ಕಿದ್ದಂತೆ ಕೇಳಿದಳು.

"ಹಂಗಾದ್ರ ಇಷ್ಟ ವರ್ಷ ನನ್ನ ಅಡಗಿ ನಿಮಗ ಹೆಂಗ ಹತ್ತತಿತ್ತು?"

ಕಾಕಾ ಸೌಟು ಕೆಳಗಿಟ್ಟ. "ಪಲ್ಯೆ ಚಲೋ ಇರತಿತ್ತು. ಸಾರಿನಾಗ ಉಪ್ಪು ಒಂದೀಟು ಮುಂದಿರತಿತ್ತು."

"ಮತ್ತ ಒಂದಿನಾನೂ ಅಂದಿಲ್ಲಲ್ರಿ?"

"ಅಂದಿದ್ರ ನಾ ಅಡಗಿಯಾಂವ ಅಂತ ನಿನಗ ಗೊತ್ತಾಗತಿತ್ತು."

ಕಾಕು ಅವನ ಕಡೆ ತಿರುಗಿ ಕೂತಳು. ಆಮೇಲೆ ತಾಟು ಮುಂದೆ ಮಾಡಿ, ಇನ್ನೊಂದಿಷ್ಟು ಅನ್ನ ಹಾಕಿರಿ ಎಂದಳು. ಅವತ್ತಿನಿಂದ ಮಾತು ಸುರುವಾಯಿತು.

ಊರು ಬಿಡುತ್ತದೆಯೇ? ನಳದ ಹತ್ತಿರ ಒಬ್ಬಳು, ಏನವ್ವಾ ನಿಮ್ಮ ಫೌಜಿ ಅಡುಗೆಯವನಂತಲ್ಲ ಎಂದಳಂತೆ. ಕಾಕು ಕೊಡ ಕೆಳಗಿಟ್ಟು ಅಂದಳಂತೆ, "ಹೌದು. ನಿಮ್ಮವರಿಗಿ ಚಾ ಆದ್ರೂ ಕಾಸಾಕ ಬರ್ತದೇನು?" ಇದನ್ನು ಅವಳೇ ನನಗೆ ಹೇಳಿದಳು, ಎರಡು ಸಲ.

ಈಗ ಇಬ್ಬರೂ ಬೇಕರಿಯಲ್ಲೇ ಇದ್ದಾರೆ. ಕಾಕಾ ನನ್ನ ಬೆನ್ನ ಹಿಂದೆ ನಿಂತು ಇದು ತಪ್ಪು, ಅದು ತಪ್ಪು ಅನ್ನುತ್ತಿದ್ದಾನೆ. ಕಾಕು ಮೈದಾ ಚೀಲದ ಮೇಲೆ ಕೂತು, ತೊಡೆಯ ಮಗ್ಗಲು ತಿರುಗಿಸಿರೆಂದು ಅವನಿಗೇ ಹೇಳುತ್ತಿದ್ದಾಳೆ. ಬೀಗರಿಗೆ ಈ ಸಲವೂ ಹೇಳಿ ಕಳಿಸಿದ್ದೇವೆ. ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ಮಗಳು, ಅಳಿಯ ಬರುತ್ತಾರೆ. ನನಗೆ ಹೇಳುವುದು ಇಷ್ಟೇ ಇತ್ತು, ಇನ್ನೇನೂ ಇಲ್ಲ.