ಅದಾಲತ್ತಿನ ಕೆಲಸ ಮತ್ತು ಜಲದುರ್ಗದ ಹರಗೋಲು

ಭಾದ್ರಪದ ಶುದ್ಧ ದಶಮಿಯ ಬೆಳಗ್ಗೆ ಎದ್ದು ಅವ್ವನನ್ನು ಕರೆಯಲು ಬಾಯಿ ತೆರೆದೆ, ದನಿ ಬರಲಿಲ್ಲ. ಹಿಂದಿನ ವಾರ ಜ್ವರ, ಕೆಮ್ಮು ಇದ್ದವು. ಅವು ಹೋಗುವಾಗ ನನ್ನ ದನಿಯನ್ನೂ ಕರೆದುಕೊಂಡು ಹೋಗಿದ್ದವು. ಉಳಿದದ್ದು ಉಸಿರಿನಂಥ ಪಿಸುಮಾತು.

ಬೇರೆಯವರಿಗೆ ಇದು ಅಷ್ಟು ದೊಡ್ಡ ಕಷ್ಟ ಅನ್ನಿಸದೇ ಇರಬಹುದು. ನನಗೆ ಮಾತೇ ಅನ್ನ. ಆ ವರ್ಷದ ಶ್ರಾವಣದಲ್ಲಷ್ಟೇ ಕಲಬುರಗಿಯ ಅದಾಲತ್ತಿನಲ್ಲಿ ಮುತರ್ಜಿಮನ ಕೆಲಸಕ್ಕೆ ಸೇರಿದ್ದೆ. ಸಾಕ್ಷಿ ಹೇಳಲು ಬಂದ ಹಳ್ಳಿಯವರ ಕನ್ನಡವನ್ನು ಮುನ್ಸೀಫ್ ಸಾಹೇಬರಿಗೆ ಉರ್ದುವಿನಲ್ಲಿ, ಸಾಹೇಬರ ಉರ್ದುವನ್ನು ಹಳ್ಳಿಯವರಿಗೆ ಕನ್ನಡದಲ್ಲಿ, ಇಡೀ ಕಚೇರಿಗೆ ಕೇಳುವಂತೆ ಹೇಳಬೇಕು. ಕಮಲಾಪುರದ ನಮ್ಮ ಓಣಿಯ ಮೌಲ್ವಿ ಸಾಹೇಬರಲ್ಲಿ ಉರ್ದು ಕಲಿತಿದ್ದ ನನಗೆ ಅದು ಬಯಸಿದ ಕೆಲಸ. ಹುಕುಂ ಬಂದ ದಿನ ಅವ್ವ ಓಣಿಗೆಲ್ಲ ಸಿಹಿ ಮಾದಲಿ ಹಂಚಿದ್ದಳು. ತಂದೆ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಆದ ಮೊದಲ ಹಬ್ಬ ಅದು.

ಕಲಬುರಗಿಯ ದವಾಖಾನೆಯ ಡಾಕ್ಟರು ಗಂಟಲೊಳಗೆ ಕನ್ನಡಿ ಹಿಡಿದು ನೋಡಿ, ಬಾವು ಇಳಿದಿದೆ, ದನಿ ಯಾಕೆ ಬರುತ್ತಿಲ್ಲವೋ ತಿಳಿಯದು ಎಂದರು. ಹಕೀಮರು ಜ್ಯೇಷ್ಠಮಧು ಕೊಟ್ಟರು. ಅದೂ ಮುಗಿಯಿತು. ಕಚೇರಿಯ ಕಾಗದಪತ್ರ ನೋಡುವ ಪೇಷ್ಕಾರ ಸಾಹೇಬರು ಒಳ್ಳೆಯವರು. ದೀಪಾವಳಿಯವರೆಗೆ ರಜೆ ಕೊಡಿಸಿ, "ಮಾತಾಡೋ ನೌಕರಿಗಿ ಮೂಕನ್ನ ಇಟ್ಕೊಂಡಾರ ಅಂತ ವಕೀಲರು ನಗಾಕತ್ತಾರಪ್ಪ. ಹಬ್ಬ ದಾಟಿದ ಮ್ಯಾಲ ನನ್ನ ಕೈಯಾಗ ಏನೂ ಇಲ್ಲ," ಎಂದರು.

ಕಮಲಾಪುರಕ್ಕೆ ಮರಳಿ ಮನೆಯಲ್ಲಿ ಕುಳಿತೆ. ನನಗೆ ಮಾತು ಬರದು ಎಂದು ತಿಳಿದ ನೆರೆಯವರು, ಕಿವಿಯೂ ಕೇಳದು ಎಂಬಂತೆ ನನ್ನೊಡನೆ ಕೂಗಿ ಮಾತಾಡುತ್ತಿದ್ದರು. ಕ್ರಮೇಣ ಓಣಿಗೆ ಇಳಿಯುವುದನ್ನೇ ಬಿಟ್ಟೆ. ಹಬ್ಬ ಹತ್ತಿರವಾದಂತೆ ಊಟ ಸೇರದಾಯಿತು.

ಅವ್ವನ ತವರಿನ ದೇವರು ಜಲದುರ್ಗದ ಸಂಗಮನಾಥ. ವಿಜಯದಶಮಿ ಕಳೆದ ಮರುದಿನ ಅವಳು ಬುತ್ತಿ ಕಟ್ಟಿಕೊಂಡು ನನ್ನ ಮುಂದೆ ನಿಂತಳು. "ಸಣ್ಣವ ಇದ್ದಾಗ ಇವನ ಬಾಯಿ ಒಂದೀಟು ಮುಚ್ಚಿಸಪ್ಪ ಅಂತ ದಿನಾ ಬೇಡ್ಕೊಂತಿದ್ದೆ. ಸಂಗಮನಾಥ ಈಗ ಕೇಳಿಸ್ಕೊಂಡಾನ. ನಡಿ, ಆ ಬೇಡಿಕಿ ವಾಪಸ್ ತೊಗೊಂಡು ಬರೂಣು," ಎಂದಳು. ಎಷ್ಟೋ ದಿನಗಳ ಮೇಲೆ ನಾನು ನಕ್ಕೆ, ಸದ್ದಿಲ್ಲದೆ.

ಕಲಬುರಗಿಯಿಂದ ರಾಯಚೂರಿಗೆ ರೈಲು, ಅಲ್ಲಿಂದ ಲಿಂಗಸೂಗೂರಿಗೆ ಟಪಾಲಿನ ಮೋಟಾರು, ಮುಂದೆ ಬಾಡಿಗೆಯ ಬಂಡಿ. ಹುಣ್ಣಿಮೆಯ ದಿನ ಹೊಳೆಯ ದಂಡೆ ಮುಟ್ಟಿದೆವು. ಕೃಷ್ಣೆ ಅಲ್ಲಿ ಎರಡಾಗಿ ಒಡೆದು ಒಂದು ಬಂಡೆಗುಡ್ಡವನ್ನು ಬಳಸಿ ಹರಿಯುತ್ತಾಳೆ. ಗುಡ್ಡದ ಮೇಲೆ ಸುಲ್ತಾನರ ಕಾಲದ ಕೋಟೆ. ಅದರೊಳಗೆ ಊರು, ಊರೊಳಗೆ ಗುಡಿ. ಮಳೆಗಾಲ ಮುಗಿದಿದ್ದರೂ ನೀರು ಇಳಿದಿರಲಿಲ್ಲ.

ಹರಗೋಲು ತುಂಬಿತ್ತು. ಅವ್ವನಿಗೆ ಮಾತ್ರ ಜಾಗ ಸಿಕ್ಕಿತು. ನನ್ನನ್ನು ಮುಂದಿನ ಸಲ ಒಯ್ಯುವುದಾಗಿ ಅಂಬಿಗ ಹೇಳಿದ. ನಾನು ದಂಡೆಯ ಎತ್ತರದ ಬಂಡೆಯ ಮೇಲೆ ಕುಳಿತು ನೋಡುತ್ತಿದ್ದೆ. ಅಂಬಿಗ ಹೊಳೆ ಬರುವ ಕಡೆಗೆ ಬೆನ್ನು ಮಾಡಿ ಹುಟ್ಟು ಹಾಕುತ್ತಿದ್ದ; ಹೆಂಗಸರು ಕೋಟೆಯ ಕಡೆ ಕೈಮುಗಿದು ಕುಳಿತಿದ್ದರು. ಆಗ ಮೇಲಿನ ತಿರುವಿನಿಂದ ಬುಡಸಮೇತ ಕಿತ್ತ ದೊಡ್ಡ ಮರವೊಂದು, ಬೇರು ಮುಂದಾಗಿ, ಸೆಳವಿನಲ್ಲಿ ಬರುವುದು ಕಂಡಿತು. ಅದು ನೇರ ಹರಗೋಲಿಗೇ ಬರುತ್ತಿತ್ತು. ಅಲ್ಲಿದ್ದವರಲ್ಲಿ ಯಾರೂ ನೋಡಿರಲಿಲ್ಲ.

ಆ ಗಳಿಗೆಯಲ್ಲಿ ನಾನು ದೇವರನ್ನು ನೆನೆಯಲಿಲ್ಲ. ನನಗೆ ದನಿ ಇಲ್ಲವೆಂಬುದೂ ನೆನಪಿರಲಿಲ್ಲ.

"ಅಂಬಿಗಾ, ಮರ ಬರಾಕತ್ತದ, ಹಿಂದಕ್ಕ ಎಳಿ!"

ಕೋಟೆಯ ಗೋಡೆ ಆ ಕೂಗನ್ನು ತಿರುಗಿ ನನಗೇ ಕೇಳಿಸಿತು. ಅಂಬಿಗ ಹೊರಳಿ ನೋಡಿ ಹುಟ್ಟನ್ನು ಎದುರು ಹಾಕಿದ. ಹರಗೋಲು ಗಿರ್ರನೆ ತಿರುಗಿ ಹಿಂದೆ ಸರಿಯಿತು. ಮರ ಅವರ ಮುಂದಿನಿಂದ ಹಾದು ಹೋಯಿತು.

ಎರಡನೆಯ ಸಲಕ್ಕೆ ನಾನು ದಾಟಿದಾಗ ಅವ್ವ ಒದ್ದೆ ಸೀರೆಯಲ್ಲಿ ಮೆಟ್ಟಿಲ ಮೇಲೆ ನಿಂತಿದ್ದಳು. ನನ್ನನ್ನು ಕಂಡವಳೇ, "ಆ ದಂಡ್ಯಾಗ ಯಾವನೋ ಕುರಿ ಕಾಯೋ ಹುಡುಗ ಒದರಿದ ನೋಡು. ಅವ ಇರಲಿಲ್ಲಂದ್ರ ಇಷ್ಟೊತ್ತಿಗಿ ಹೊಳಿ ಪಾಲಾಗ್ತಿದ್ವಿ. ಅವನ ಹೆಸರು ಕೇಳಿದಿಯೇನು? ಅವನ ಹೆಸರ್ಲೆ ಕಾಯಿ ಒಡಸಬೇಕು," ಎಂದಳು.

ನಾನು ಸಾಕ್ಷಿಕಟ್ಟೆಯಲ್ಲಿ ನಿಂತವರಂತೆ ನೆಟ್ಟಗೆ ನಿಂತು, "ಹೆಸರು ಸಿದ್ದರಾಮ. ವಾಸ ಕಮಲಾಪುರ," ಎಂದೆ.

ಅವ್ವ ನನ್ನ ಬಾಯಿಯನ್ನೇ ನೋಡಿದಳು. ಹಿಂದಿನಿಂದ ಅಂಬಿಗ, "ಅವನೇ ಯವ್ವಾ ಒದರಿದವ. ದಂಡಿ ಬಿಟ್ಟಾಗಿಂದ ಒಂದಽ ಸಮ ಮಾತಾಡಿ ನನ್ನ ತಲಿ ತಿಂದಾನ," ಎಂದ. ಅವ್ವ ಮೆಟ್ಟಿಲ ಮೇಲೆ ಕುಳಿತು ಅತ್ತಳು, ಆಮೇಲೆ ನಗತೊಡಗಿದಳು. ಗುಡಿಯಲ್ಲಿ ಕೇಳಿಕೊಳ್ಳಲೆಂದು ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಅಲ್ಲಿ ಬೇಕಾಗಲಿಲ್ಲ.

ದೀಪಾವಳಿಗೆ ಮೊದಲೇ ಕಚೇರಿಗೆ ಹಾಜರಾದೆ. ಮೊದಲ ಸಾಕ್ಷಿ ಮಹಾಗಾಂವದ ಒಬ್ಬ ಅಜ್ಜಿ. ಹೊಲದ ಬದುವಿನ ಜಗಳ. ಅವಳು ಹೇಳಿದ್ದನ್ನು ನಾನು ಉರ್ದುವಿನಲ್ಲಿ ಹೇಳುತ್ತಿದ್ದಂತೆ ನನ್ನ ತೋಳು ಹಿಡಿದು, "ಸಾವಕಾಶ ಹೇಳೋ ತಮ್ಮಾ. ನಾ ಅವರಿಗಿ ಇಷ್ಟು ಜೋರ್ಲೆ ಬೈದಿಲ್ಲ," ಎಂದಳು. ಪೇಷ್ಕಾರ ಸಾಹೇಬರು ನಗು ತಡೆಯಲಾರದೆ ಕಾಗದದಲ್ಲಿ ಮುಖ ಮುಚ್ಚಿಕೊಂಡರು.

ಹೆದರಿದಾಗ ಹೀಗೆ ದನಿ ಮರಳುವುದುಂಟು ಎಂದು ಡಾಕ್ಟರು ಹೇಳಿದರು. ಇರಬಹುದು. ಆದರೆ ಭಕ್ತ ಬಂಧುಗಳೇ, ಹರಗೋಲಿನಲ್ಲಿ ನನಗೊಬ್ಬನಿಗೆ ಜಾಗ ಇಲ್ಲದಂತೆ ಮಾಡಿ, ಎಲ್ಲವೂ ಕಾಣುವ ಆ ಬಂಡೆಯ ಮೇಲೆ ನನ್ನನ್ನು ಕೂರಿಸಿದವರು ಯಾರು? ನಾನು ನೌಕರಿ ಉಳಿಯಲೆಂದು ದನಿ ಬೇಡಲು ಹೊರಟಿದ್ದೆ. ಸಂಗಮನಾಥ ನನ್ನ ಅವ್ವನನ್ನು ಉಳಿಸಲು ಅದನ್ನು ಕೊಟ್ಟ. ನೌಕರಿ ಅದರ ಹಿಂದೆ ತಾನೇ ಬಂತು.

ಈ ಕಾರ್ತಿಕದಲ್ಲಿ ಮತ್ತೆ ಜಲದುರ್ಗಕ್ಕೆ ಹೊರಟಿದ್ದೇವೆ. ಬೇಡುವುದು ಏನೂ ಇಲ್ಲ. ಅವನ ಮುಂದೆ ಸ್ವಲ್ಪ ಹೊತ್ತು ಕುಳಿತು, ಕೈಮುಗಿದು ಬರುತ್ತೇವೆ.